ಘಾಟಿನ ನೆತ್ತಿಯಲ್ಲಿ ಬಿಚ್ಚಿದ ಗಂಟು

ನಮ್ಮತ್ತೆ ಸಾವಂತ್ರವ್ವನಿಗೂ ನನಗೂ ಒಂದು ದಿನವಾದರೂ ಹೊಂದಿಕೆಯಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ತಟ್ಟಿದ ರೊಟ್ಟಿ ದಪ್ಪ, ನಾನು ಒಗೆದ ಬಟ್ಟೆಯಲ್ಲಿ ಕೊಳೆ ಹಾಗೇ, ನಾನು ನಕ್ಕರೆ ಬೀದಿಗೆಲ್ಲ ಕೇಳಿಸುತ್ತದಂತೆ. ನಾನೂ ಸುಮ್ಮನಿರುವವಳಲ್ಲ. ಪುಣೆಯ ಭವಾನಿ ಪೇಠೆಯ ಆ ಎರಡು ಖೋಲಿಯ ಮನೆಯಲ್ಲಿ ನಮ್ಮಿಬ್ಬರ ಜಗಳ ಕೇಳಿ ಕೇಳಿಯೇ ನೆರೆಯ ಮರಾಠಿ ಹೆಂಗಸರು ಕನ್ನಡ ಕಲಿತರು. ಆದರೂ ‘ನೀವು ಯಾರ ಪೈಕಿ?’ ಎಂದು ಯಾರಾದರೂ ಕೇಳಿದರೆ ನಾನು ತವರಿನ ಹೆಸರು ಹೇಳುವುದಿಲ್ಲ. ‘ಹೇರು ಕಟ್ಟುವ ಸಾವಂತ್ರವ್ವನ ಸೊಸೆ’ ಎನ್ನುತ್ತೇನೆ. ಹೇಳುವಾಗ ಕತ್ತು ತಾನಾಗಿಯೇ ಎತ್ತರವಾಗುತ್ತದೆ. ಆಗಲಿ ಬಿಡಿ.

ಹೇರು ಕಟ್ಟುವುದೆಂದರೆ ಲಾರಿಗೋ ಗಾಡಿಗೋ ಏರಿಸಿದ ಸರಕು ದಾರಿಯಲ್ಲಿ ಅಲುಗದ ಹಾಗೆ ಹಗ್ಗ ಬಿಗಿಯುವುದು. ನಮ್ಮ ಮಾವ ಸಿದ್ರಾಮಪ್ಪ ಬೈಲಹೊಂಗಲದಿಂದ ಬೆಲ್ಲದ ವ್ಯಾಪಾರಿಗಳ ಬೆನ್ನು ಹತ್ತಿ ಪುಣೆಗೆ ಬಂದವರು. ಅತ್ತೆ ಮನೆಯಲ್ಲಿ ಹಗ್ಗ ಹೊಸೆಯುವುದು, ಮಾವ ಲಾರಿಗಳು ನಿಲ್ಲುವ ಅಡ್ಡೆಯಲ್ಲಿ ಅದನ್ನು ಬಿಗಿಯುವುದು, ಹೀಗೆ ನಡೆದಿತ್ತು ಸಂಸಾರ. ನನ್ನ ಗಂಡ ಇನ್ನೂ ಚಿಕ್ಕವರಿದ್ದಾಗಲೇ ಮಾವ ಜ್ವರದಲ್ಲಿ ತೀರಿಕೊಂಡರು. ಅಳುವವರು ಇನ್ನೂ ಅಳುತ್ತಿರುವಾಗಲೇ ಅತ್ತೆ ಕಚ್ಚೆ ಬಿಗಿದು, ಹಣೆ ತುಂಬ ವಿಭೂತಿ ಹಚ್ಚಿ, ಹಗ್ಗದ ಸುರುಳಿ ಹೆಗಲಿಗೇರಿಸಿ ಅಡ್ಡೆಗೆ ಹೋಗಿ ನಿಂತರಂತೆ. ನಕ್ಕವರು ನಕ್ಕರು. ಅತ್ತೆ ಕಟ್ಟಿದ ಬೆಲ್ಲದ ಪೆಂಟಿಗಳು ಸಾತಾರದವರೆಗೆ ಹೋಗಿ ಒಂದೂ ಒಡೆಯದೆ ಇಳಿದ ಮೇಲೆ ನಗು ನಿಂತಿತು.

ಅಡ್ಡೆಯಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಕಟ್ಟಿದವರೇ ಹೇರಿನ ಮೇಲೆ ಕುಳಿತು ಊರು ಮುಟ್ಟಿಸಬೇಕು. ಇನ್ನೊಂದು, ದಾರಿಯಲ್ಲಿ ಗಂಟು ಬಿಚ್ಚಬಾರದು. ಬಿಚ್ಚಿದರೆ, ಕಾರಣ ಏನೇ ಇರಲಿ, ತಿರುಗಿ ಬಂದು ಎಲ್ಲರೆದುರು ಹಗ್ಗ ಕೆಳಗಿಟ್ಟು ಮನೆಗೆ ಹೋಗಬೇಕು. ಮತ್ತೆ ಆ ಅಡ್ಡೆಯಲ್ಲಿ ಕಟ್ಟುವ ಹಾಗಿಲ್ಲ. ಮಾವನ ತಮ್ಮ ಶಿವಪ್ಪಕಾಕಾ ಇದನ್ನೇ ಕಾಯುತ್ತಿದ್ದರು. ಅಣ್ಣನ ಹಗ್ಗ ತಮಗೆ ಬರಬೇಕಿತ್ತು, ಹೆಂಗಸಿನ ಹೆಗಲಿಗೆ ಹೋಯಿತಲ್ಲ ಎಂಬ ಉರಿ ಅವರಿಗೆ.

ನನ್ನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತು. ಪುಣೆ ಕ್ಯಾಂಪಿನ ಪಾರಸಿ ಸಾಹೇಬರೊಬ್ಬರ ಓಟದ ಮೋಟಾರನ್ನು ಪಂದ್ಯಕ್ಕಾಗಿ ಮುಂಬೈಗೆ ಮುಟ್ಟಿಸುವ ಕೆಲಸ ಲಾರಿ ನಡೆಸುವ ಪಂಢರಿನಾಥರಿಗೆ ಬಂತು. ಕೆಂಪು ಮೋಟಾರು, ಮೇಲೆ ಮುಚ್ಚಿಗೆಯಿಲ್ಲ, ಎರಡೇ ಆಸನ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಪಂದ್ಯಕ್ಕೆ ಮೊದಲು ಘಾಟಿನಲ್ಲಿ ಓಡಿಸಿ ಎಂಜಿನ್ ದಣಿಸುವುದು ಬೇಡವೆಂದು ಅದನ್ನು ಲಾರಿಯ ಹಿಂದೆ ಜೋಡಿಸಿದ ಟ್ರೇಲರಿನ ಮೇಲೆ ಒಯ್ಯಬೇಕಿತ್ತು. ಪಂಢರಿನಾಥರು ಸೊಲ್ಲಾಪುರದವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನೇರವಾಗಿ ನಮ್ಮ ಮನೆಗೇ ಬಂದರು.

“ಅವ್ವಾರ, ಮೋಟಾರ ಕಟ್ಟಿ ಗೊತ್ತದ ಏನ್ರಿ?”

“ಆನಿ ತಂದು ನಿಲ್ಲಸು, ಕಟ್ಟತೀನಿ,” ಎಂದರು ಅತ್ತೆ. ಮೋಟಾರನ್ನು ಅವರು ಕೈಯಿಂದ ಮುಟ್ಟಿಯೂ ನೋಡಿರಲಿಲ್ಲ. ಜಂಬ ಅಂದರೆ ಜಂಬ!

ಹೊರಡುವ ಬೆಳಿಗ್ಗೆ ಮೋಟಾರಿನ ಬಣ್ಣಕ್ಕೆ ಹಗ್ಗ ಉಜ್ಜಬಾರದೆಂದು ನನ್ನ ತವರಿನ ಹೊಸ ಕೌದಿಗಳನ್ನೇ ತಂದು ಅದರ ಮೈಮೇಲೆ ಹೊದಿಸಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ಬೆಲ್ಲದ ಹೇರಿಗೆ ಬಿಗಿದ ಹಾಗೆಯೇ ಮೂತಿಯ ಮೇಲೆ, ಬೆನ್ನಿನ ಮೇಲೆ ಹಗ್ಗ ಹಾಯಿಸಿ ಟ್ರೇಲರಿನ ಕೊಂಡಿಗಳಿಗೆ ಎಳೆದು ಕಟ್ಟಿದರು. ಬೆರಳಿನಿಂದ ಮೀಟಿದರೆ ಹಗ್ಗ ಟಣ್ ಎನ್ನುತ್ತಿತ್ತು. ಇನ್ನು ಕಟ್ಟಿದವರು ಮೇಲೆ ಕೂಡಬೇಕಲ್ಲ? ಅತ್ತೆ ಸೆರಗು ಸಿಕ್ಕಿಸಿ ಮೋಟಾರು ನಡೆಸುವವನ ಆಸನದಲ್ಲಿಯೇ ಹೋಗಿ ಕುಳಿತುಬಿಟ್ಟರು. ಅಡ್ಡೆಗೆ ಅಡ್ಡೆಯೇ ಬಾಯಿ ತೆರೆದು ನೋಡಿತು.

ಶಿವಪ್ಪಕಾಕಾ ಅತ್ತಿಗೆಯ ಬಳಿ ಓಡಿ ಬಂದರು. “ಗಂಡ ಇಲ್ಲದ ಹೆಣ್ಣಮಗಳು ಓಟದ ಮೋಟಾರಿನ್ಯಾಗ ಕುಂತು ಮೆರವಣಗಿ ಹೊಂಟ್ರ ಮಂದಿ ಏನಂದಾರು, ವೈನಿ?”

“ಮಂದಿ ಬಾಯಿಗೆ ಹಗ್ಗ ಕಟ್ಟೂದು ನನ್ನ ಕೆಲಸಲ್ಲ, ಶಿವಪ್ಪ. ಮೋಟಾರಿಗೆ ಕಟ್ಟೂದು ಅಷ್ಟ. ಏ ಪಾರವ್ವ, ಏನ್ ನೋಡಕೋತ ನಿಂತಿ? ಬಾ, ಇನ್ನೊಂದು ಜಾಗಾ ಖಾಲಿ ಅದ.”

ತಾವೊಬ್ಬರೇ ಹೋಗಬಾರದೆಂದು ಜೊತೆಗೆ ನನ್ನನ್ನು ಎಳೆದರು. ಹತ್ತಿದೆ, ಇನ್ನೇನು ಮಾಡಲಿ! ಕಾಕಾ ತಾವೂ ಬರುವುದಾಗಿ ಹೇಳಿ ಲಾರಿಯ ಮುಂದುಗಡೆ ಪಂಢರಿನಾಥರ ಪಕ್ಕ ಕುಳಿತರು. ಗಂಟು ಎಲ್ಲಿಯಾದರೂ ಸಡಿಲಾದರೆ ಕಣ್ಣಾರೆ ನೋಡಬೇಕಿತ್ತು ಅವರಿಗೆ.

ಖಡಕಿ ದಾಟುವವರೆಗೆ ನಾಚಿಕೆಯಿಂದ ನಾನು ಮುಖ ಎತ್ತಲಿಲ್ಲ. ದಾರಿಯ ಮಂದಿ ನಿಂತು ನೋಡುವವರು, ಪೋರರು ಹಿಂದೆ ಓಡುವವರು. ಅತ್ತೆ ಮಾತ್ರ ಗಾಲಿ ತಿರುಗಿಸುವ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಾವೇ ನಡೆಸುತ್ತಿರುವ ಗತ್ತಿನಲ್ಲಿ ಕುಳಿತಿದ್ದರು. ವಡಗಾವ್ ಬರುವಷ್ಟರಲ್ಲಿ ನನಗೂ ಮಜಾ ಹತ್ತಿತು. ಸುಳ್ಳೇಕೆ ಹೇಳಲಿ, ಎದುರಿಗೆ ಬಂದ ಗಾಡಿಯವನಿಗೆ ಕೈ ಬೀಸಿಯೂ ಬೀಸಿದೆ.

ಲೋಣಾವಳ ಹತ್ತಿರವಾದಾಗ ಅತ್ತೆಯ ಮಾತು ನಿಂತಿತು. ನನ್ನನ್ನು ಬೈಯುವುದೂ ನಿಂತಿತು ಎಂದರೆ ನೀವೇ ತಿಳಿಯಿರಿ. ರಸ್ತೆಯ ಕುಣಿಗಳಲ್ಲಿ ಟ್ರೇಲರು ಹಾರಿದಾಗಲೆಲ್ಲ ಮೋಟಾರಿನ ಒಡಲು ತನ್ನ ಸ್ಪ್ರಿಂಗಿನ ಮೇಲೆ ಕುಗ್ಗುತ್ತಿತ್ತು, ಏಳುತ್ತಿತ್ತು. ಕುಗ್ಗಿದಾಗ ಹಗ್ಗ ಜೋಲುತ್ತಿತ್ತು, ಎದ್ದಾಗ ಜಗ್ಗುತ್ತಿತ್ತು. ಹೀಗೆ ಜೋತು ಜಗ್ಗಿ ಗಂಟುಗಳು ಸಡಿಲವಾಗಿದ್ದವು. ಅತ್ತೆ ಬಗ್ಗಿ ನೋಡಿದರು. ಮುಂದಿನ ಗಾಲಿ ತಾನು ನಿಂತ ಜಾಗದಿಂದ ಒಂದು ಗೇಣು ಪಕ್ಕಕ್ಕೆ ಸರಿದಿತ್ತು.

ಖಂಡಾಳಾ ದಾಟಿ, ಘಾಟು ಇನ್ನೇನು ಇಳಿಯಬೇಕು, ಅತ್ತೆ ಕೂಗಿದರು: “ಪಂಢರಿನಾಥ, ನಿಲ್ಲಸೋ!”

ಲಾರಿ ನಿಂತಿತು. ಇಬ್ಬರೂ ಇಳಿದು ಬಂದರು. “ಯಾಕ್ರಿ, ಏನಾತು?” ಎಂದರು ಪಂಢರಿನಾಥರು.

“ನಾ ಕಟ್ಟಿದ್ದು ತಪ್ಪು ಅದ. ಬಿಚ್ಚತೀನಿ.”

ಕಾಕಾರ ಮುಖದಲ್ಲಿ ದೀಪ ಹಚ್ಚಿದಂತಾಯಿತು. ಆದರೂ ಅಣ್ಣನ ಮನೆಯ ಮಾನದ ಮಾತು. ಒಂದು ಮಾತು ಹೇಳಿಯೇ ಹೇಳಿದರು. “ವಿಚಾರ ಮಾಡ್ರಿ, ವೈನಿ. ಬಿಚ್ಚಿದ್ರಿ ಅಂದ್ರ ಮುಗೀತು. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ. ಮ್ಯಾಲಿಂದ ಇನ್ನೊಂದು ಹಗ್ಗ ಬಿಗೀರಿ, ಯಾರು ಕೇಳತಾರ?”

ನನಗೂ ಅದೇ ಸರಿ ಅನಿಸಿತು. ಅತ್ತೆಯ ಸೆರಗು ಹಿಡಿದು ಹೇಳಿಯೂ ಹೇಳಿದೆ, “ಬಿಚ್ಚಬ್ಯಾಡ್ರಿ ಅತ್ತಿ, ಮಾವನ ಹೆಸರು ಹೋಗತದ.” ಅತ್ತೆ ನನ್ನ ಕೈ ಕೊಡವಿದರು.

“ಹೆಸರು ತಗೊಂಡು ಕೊಳ್ಳಕ್ಕ ಬೀಳಲೇನು? ಇಲ್ಲಿ ಹೇರು ಒಂದು ಕಡೆ ವಾಲಿದ್ರ ಲಾರೀನೂ ಜಗ್ಗಿಕೊಂಡು ಹೋಗತದ. ಎಮ್ಮಿ ಗಾಡಿಗೆ ಏರಿಸಿದ್ರ ಯಾರರೆ ಹೊಟ್ಟಿಗೆ ಹಗ್ಗ ಬಿಗೀತಾರೇನ? ಕಾಲಿಗೆ ಕಟ್ಟತಾರ. ಹೊಟ್ಟಿ ಉಸಿರಾಡಬೇಕು. ಇದೂ ಉಸಿರಾಡತದ, ಮುಂಜಾನಿಂದ ಅದರ ಮ್ಯಾಲ ಕುಂತೀನಿ, ಈಗ ತಿಳೀತು ನನಗ.”

ಎಲ್ಲ ಗಂಟುಗಳನ್ನೂ ಒಂದೊಂದಾಗಿ ತಾವೇ ಬಿಚ್ಚಿದರು. ಆಮೇಲೆ ಟ್ರೇಲರಿನ ಕೆಳಗೆ ಅಂಗಾತ ಮಲಗಿ, ಹಲಗೆಗಳ ಸಂದಿನಲ್ಲಿ ಕೈ ಹಾಕಿ ಮೋಟಾರಿನ ಗಾಲಿಗಳ ಅಚ್ಚುಗಳಿಗೆ ಹಗ್ಗ ಸುತ್ತಿ, ನಾಲ್ಕು ಮೂಲೆಗೂ ಅಡ್ಡಡ್ಡ ಎಳೆದರು. ಹಗ್ಗದ ನಡುವೆ ಕೋಲು ತೂರಿಸಿ ತಿರುವಿ ತಿರುವಿ ಬಿಗಿದರು. ಗಾಲಿಗಳ ಹಿಂದೆ ಮುಂದೆ ಮರದ ತುಂಡು ಬಡಿದರು. ಒಡಲನ್ನು ಪೂರ್ತಿ ಬಿಟ್ಟುಬಿಟ್ಟರು. ಎದ್ದು ಬಂದಾಗ ಇಳಕಲ್ ಸೀರೆಯ ತುಂಬ ಎಣ್ಣೆ, ಕೆಮ್ಮಣ್ಣು.

“ಹತ್ತು,” ಎಂದರು ನನಗೆ.

ಲಾರಿ ಘಾಟು ಇಳಿಯತೊಡಗಿತು. ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ. ಕಡಿದಾದ ಒಂದು ತಿರುವಿನಲ್ಲಿ ಎದುರಿಗೆ ದನಗಳ ಹಿಂಡು ಬಂದುಬಿಟ್ಟಿತು. ಪಂಢರಿನಾಥರು ಇದ್ದ ಬಲವನ್ನೆಲ್ಲ ಬ್ರೇಕಿನ ಮೇಲೆ ಹಾಕಿದರು. ನಾನು “ಎಪ್ಪಾ ಬಸವಣ್ಣಾ!” ಎಂದು ಚೀರಿ ಅತ್ತೆಯನ್ನು ತಬ್ಬಿಕೊಂಡೆ. ಮೋಟಾರು ಮುಂದಕ್ಕೆ ಮೂತಿ ಬಗ್ಗಿಸಿತು, ಮತ್ತೆ ಎದ್ದು ನಿಂತಿತು. ಗಾಲಿಗಳು ಕೂದಲೆಳೆಯಷ್ಟೂ ಜರುಗಲಿಲ್ಲ.

ಮುಂಬೈಯಲ್ಲಿ ಸಾಹೇಬರ ಕಡೆಯವರು ಮೋಟಾರಿನ ಸುತ್ತ ತಿರುಗಿ, ಒಂದು ಗೆರೆಯೂ ಬಿದ್ದಿಲ್ಲವೆಂದು ಇಳಿಸಿಕೊಂಡರು. ಅತ್ತೆ ಖುಷಿಪಡಲಿಲ್ಲ. ತಿರುಗಿ ಬರುವ ದಾರಿಯುದ್ದಕ್ಕೂ ಖಾಲಿ ಟ್ರೇಲರಿನಲ್ಲಿ ಹಗ್ಗದ ಸುರುಳಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. “ಯಾರಿಗೂ ಹೇಳೂದು ಬ್ಯಾಡ್ರಿ, ಪಂಢರಿನಾಥರು ಹೇಳೂದಿಲ್ಲ, ಕಾಕಾಗ ನಾ ಕೈ ಮುಗಿದು ಕೇಳಕೋತೀನಿ,” ಎಂದೆ. “ಬಾಯಿ ಮುಚ್ಚಿಕೊಂಡು ಕೂಡು,” ಎಂದರು.

ಅಡ್ಡೆಯಲ್ಲಿ ಮಂದಿ ಕಾಯುತ್ತಿದ್ದರು. ಇಳಿದವರೇ ಅತ್ತೆ ಎಲ್ಲರ ನಡುವೆ ಹೋಗಿ ನಿಂತರು.

“ಘಾಟಿನ ಮ್ಯಾಲ ನಾ ಗಂಟು ಬಿಚ್ಚೀನಿ. ತಪ್ಪು ಕಟ್ಟಿದ್ದೆ, ಬಿಚ್ಚಿ ಮತ್ತ ಕಟ್ಟಿದೆ. ಕಟ್ಟಳಿ ಎಲ್ಲಾರಿಗೂ ಒಂದ. ತಗೋರಿ.”

ಹಗ್ಗ ಕೆಳಗಿಟ್ಟರು. ಅದನ್ನು ಮನೆಯಂಗಳದಲ್ಲಿ ಹೊಸೆದವರೂ ಅವರೇ. ನನಗೆ ದುಃಖ ಉಕ್ಕಿ ಬಂತು, ಸೆರಗು ಬಾಯಿಗೆ ತುರುಕಿಕೊಂಡೆ. ಶಿವಪ್ಪಕಾಕಾ ಮುಂದೆ ಬಂದು ಬಗ್ಗಿ ಆ ಸುರುಳಿ ಎತ್ತಿಕೊಂಡರು. ಸರಿ, ಕೊನೆಗೂ ಕಾದದ್ದು ಸಿಕ್ಕಿತಲ್ಲ ಈ ಮನುಷ್ಯನಿಗೆ ಎಂದು ಮನಸ್ಸಿನಲ್ಲಿ ನೂರು ಶಾಪ ಹಾಕಿದೆ.

ಕಾಕಾ ನೆಟ್ಟಗೆ ಹೋಗಿ ಹಗ್ಗವನ್ನು ಅತ್ತೆಯ ಹೆಗಲಿಗೆ ಏರಿಸಿದರು.

“ಬಿಚ್ಚಬ್ಯಾಡ್ರಿ ಅಂತ ಹೇಳಿದಾಂವ ನಾನ,” ಎಂದರು ಎಲ್ಲರಿಗೂ ಕೇಳುವಂತೆ. “ದನಾ ಅಡ್ಡ ಬಂದಾಗ ಆ ಮೋಟಾರ ನನ್ನ ಬೆನ್ನಿನ ಹಿಂದ ಇತ್ತು. ಇವರು ನನ್ನ ಮಾತು ಕೇಳಿದ್ರ ನೀವು ಇವತ್ತ ನನ್ನ ಹೆಣಾ ಹುಡಕತಿದ್ರಿ. ನಮ್ಮ ವೈನಿ ಹಗ್ಗ ಇಡೂದಿಲ್ಲ. ಇಡಸಾವ್ರು ಇದ್ರ ಮೊದಲ ನನ್ನ ಕೂಡ ಮಾತಾಡ್ರಿ.”

ಪಂಢರಿನಾಥರು ಆಗಲೇ ಮರುದಿನದ ಹೇರಿನ ಮಾತು ತೆಗೆದಿದ್ದರು. ಅಡ್ಡೆಯ ಮಂದಿಯೂ ಒಬ್ಬೊಬ್ಬರಾಗಿ ಹೂಂ ಎಂದು ತಲೆಯಾಡಿಸಿದರು.

ಅತ್ತೆ ಮೈದುನನ ಮುಖ ನೋಡಿದರು. ಅಷ್ಟು ಮಂದಿ ಗಂಡಸರೆದುರು ಗಳಗಳನೆ ಅತ್ತುಬಿಟ್ಟರು. ಮಾವ ಸತ್ತಾಗಲೂ ಅತ್ತಿರಲಿಲ್ಲವಂತೆ ಆ ಹೆಂಗಸು. ನಾನು ಹೋಗಿ ಅವರ ಪಕ್ಕ ನಿಂತೆ, ಹಗ್ಗದ ಇನ್ನೊಂದು ತುದಿಯನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಅವರು ಅಳುತ್ತಲೇ ಅದನ್ನು ನನ್ನ ಹೆಗಲ ಮೇಲೆ ಸರಿಯಾಗಿ ಕೂಡಿಸಿದರು.