ಅಂಚು ಹರಿದ ರೊಟ್ಟಿ

ನಾವು ಮಾದಾಪುರದ ಆಚೆಯ ಒಂದು ತೋಟದಲ್ಲಿ, ಕೂಲಿಯವರ ಲೈನ್ ಮನೆಯಲ್ಲಿದ್ದ ಕಾಲ. ಕಾಫಿ ಕುಯ್ಲಿನ ದಿನಗಳಲ್ಲಿ ಭಾನುವಾರಕ್ಕೆ ರಜೆ ಎಲ್ಲಿಯದು? ಶಾಲೆ ಇಲ್ಲವೆಂದು ನಾನೂ ಅಮ್ಮನ ಹಿಂದೆ ಹೊರಡುತ್ತಿದ್ದೆ. ಸಾಲಿನ ಈಚೆ ಅಮ್ಮ, ಆಚೆ ಗಂಗಕ್ಕ, ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುತ್ತಾ ನಾನು, ಮೇಲಿನ ದಾರಿಯಲ್ಲಿ ಕೊಡೆ ಊರಿಕೊಂಡು ಲೆಕ್ಕ ಬರೆಯುವ ರೈಟರು. ನನಗಾಗ ಒಂಬತ್ತು ವರ್ಷ. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು.

ಹೆಕ್ಕಿದ್ದಕ್ಕಿಂತ ನಾನು ಚೀಪಿದ್ದೇ ಹೆಚ್ಚು. ಚೆನ್ನಾಗಿ ಕೆಂಪಾದ ಕಾಫಿ ಹಣ್ಣಿನ ಸಿಪ್ಪೆಯೊಳಗೆ ಒಂದು ತೊಟ್ಟು ಸಿಹಿ ಇರುತ್ತದೆ, ಚೀಪಿದವರಿಗೆ ಗೊತ್ತು. ಬೀಜವನ್ನು ಎರಡು ಬೆರಳಲ್ಲಿ ಹಿಸುಕಿದರೆ ಜಾರಿ ಚಿಮ್ಮುತ್ತಿತ್ತು. ಗಂಗಕ್ಕನ ಬೆನ್ನೇ ನನ್ನ ಗುರಿ.

"ನಿನ್ ಮಗಳು ಹಣ್ ಕುಯ್ಯಕ್ ಬಂದವಳಾ, ನನ್ ಬೆನ್ ಮೇಲೆ ಬಿತ್ತನೆ ಮಾಡಕ್ ಬಂದವಳಾ, ಶಾರದೆ?"

"ಎರಡು ಬಿಗೀರಿ ಅಕ್ಕ."

"ಬಿಗಿಯೋದಲ್ಲ, ಲಂಗದೊಳಕ್ಕೆ ಕೆಂಜಿಗ ಬಿಡ್ತೀನಿ ನೋಡ್ತಿರು."

ಒಂದೇ ಸಾಲನ್ನು ಹಂಚಿಕೊಂಡು ಕುಯ್ಯುವ ಇಬ್ಬರು, ಹತ್ತು ಗಂಟೆಗೆ ಬುತ್ತಿ ಬಿಚ್ಚಿದಾಗ ಮೊದಲ ರೊಟ್ಟಿಯನ್ನು ಅದಲುಬದಲು ಮಾಡಿಕೊಳ್ಳುವುದು ಆ ತೋಟದ ರೂಢಿ. ತನ್ನ ರೊಟ್ಟಿಯನ್ನು ತಾನೇ ಮೊದಲು ತಿಂದವಳಿಗೆ ಆ ದಿನ ಕೈ ಓಡುವುದಿಲ್ಲ ಎಂದು ಹೆಂಗಸರ ಮಾತು.

ಅಮ್ಮನ ಬುತ್ತಿಯಲ್ಲಿ ತಳದ ರೊಟ್ಟಿಯ ಅಂಚು ಮಾತ್ರ ಯಾವಾಗಲೂ ಹರಿದಿರುತ್ತಿತ್ತು. "ಅದು ನಂದು, ಮುಟ್ಬೇಡ" ಎಂದಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ. ಅಮ್ಮಂದಿರು ಹರಿದದ್ದನ್ನು ತಮಗಿಟ್ಟುಕೊಳ್ಳುವುದು ಯಾವ ಮಕ್ಕಳಿಗೆ ಹೊಸದು? ಅದರ ಮಡಿಕೆಯೊಳಗೆ ಒಂದು ಮಾತ್ರೆ ಇರುತ್ತಿತ್ತೆಂದೂ, ಅಮ್ಮನಿಗೆ ಎಚ್‌ಐವಿ ಇದೆಯೆಂದೂ, ಬೆಳಿಗ್ಗೆ ಹತ್ತಕ್ಕೊಂದು ರಾತ್ರಿ ಹತ್ತಕ್ಕೊಂದು ತಪ್ಪದೆ ನುಂಗಬೇಕೆಂದೂ ತಿಳಿದದ್ದು ಆಮೇಲೆ. ನೀರು ಕುಡಿಯಲು ಎದ್ದರೂ "ಏನಾಯ್ತೇ?" ಎನ್ನುವ ಜನರ ನಡುವೆ ಅವಳು ಕಂಡುಕೊಂಡ ದಾರಿ ಅದು. ಗೊತ್ತಾದರೆ ಯಾರೂ ಜೊತೆಗೆ ಕೂರುವುದಿಲ್ಲ ಎಂಬುದೇ ಅವಳ ಹೆದರಿಕೆ.

ಆ ಭಾನುವಾರ ಗಂಗಕ್ಕ ನನಗೆಂದು ಕಿತ್ತಳೆ ಹಣ್ಣು ತಂದಿದ್ದಳು. ಹತ್ತು ಗಂಟೆಗೆ ಅಮ್ಮ ಇನ್ನೂ ಚೀಲದ ಬಾಯಿ ಕಟ್ಟುತ್ತಿದ್ದಳು. "ಗಂಗಕ್ಕಂಗೆ ರೊಟ್ಟಿ ಕೊಡೇ" ಎಂದಳು. ಮೇಲಿನವು ಸೀದು ಗಟ್ಟಿಯಾಗಿದ್ದವು. ತಳದ್ದು ಅಂಚು ಹರಿದಿದ್ದರೂ ಮೆತ್ತಗೆ, ದಪ್ಪಗೆ ಇತ್ತು. ಕಿತ್ತಳೆ ಕೊಟ್ಟವಳಿಗೆ ಒಳ್ಳೆಯದನ್ನೇ ಕೊಟ್ಟೆ.

ಗಂಗಕ್ಕ ಕಚ್ಚಿದಳು. ಕಟಕ್ಕೆಂದಿತು. ಅಂಗೈಗೆ ಉಗಿದು ನೋಡಿದಳು. ಎರಡು ಚೂರಾದ ಮಾತ್ರೆ.

"ಶಾರದೆ."

ಅಮ್ಮ ತಿರುಗಿದಳು.

"ನನ್ ಮೈದುನ ನುಂಗ್ತಿದ್ದದ್ದೂ ಇದೇಯ. ಸಾಯೋವರ್ಗೂ ನಾನೇ ಕೈಯಾರೆ ಕೊಟ್ಟಿದೀನಿ."

ಅಮ್ಮ ಚೀಲ ಬಿಟ್ಟು ಹತ್ತಿರ ಬಂದಳು.

"ನಿನ್ ಗಂಡಂಗೂ ಇದೇನಾ ಆಗಿದ್ದು?"

"ಹೂಂ."

"ಮಗಿಗೆ?"

"ಇಲ್ಲಕ್ಕ. ಎರಡ್ ಸಲ ರಕ್ತ ನೋಡಿಸಿದೀನಿ. ಅಕ್ಕ, ಯಾರಿಗೂ..."

"ನಾನ್ಯಾಕ್ ಹೇಳ್ಲಿ?"

ಗಂಗಕ್ಕ ಆ ಚೂರುಗಳನ್ನು ಸೆರಗಿನಲ್ಲಿ ಒರೆಸಿ ಅಮ್ಮನ ಕೈಗೆ ಹಾಕಿದಳು. ಆಮೇಲೆ ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು, ಮೂರು ಸಲ. ಅಮ್ಮ ಚೂರುಗಳನ್ನು ನುಂಗಿದಳು. ನಾನು ಕಿತ್ತಳೆ ಸುಲಿದು ತಿಂದೆ. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಏನೂ ಅನ್ನಿಸಲಿಲ್ಲ.

ಗಂಗಕ್ಕ ಮಾತಿಗೆ ತಪ್ಪಲಿಲ್ಲ. ಲೈನಿನಲ್ಲಿ ಯಾರಿಗೂ ಹೇಳಲಿಲ್ಲ. ಸೋಮವಾರ ರೈಟರ ಹತ್ತಿರ ಹೋಗಿ, ಮಂಡಿನೋವು, ಇಳಿಜಾರು ಆಗುವುದಿಲ್ಲ ಎಂದು ಸಾಲು ಬದಲಿಸಿಕೊಂಡಳು, ಅಷ್ಟೇ.

ಮುಂದಿನ ಭಾನುವಾರ ಹೋದಾಗ ಸಾಲಿನ ಆಚೆ ಯಾರೂ ಇರಲಿಲ್ಲ. ಎರಡು ಬದಿಯನ್ನೂ ಅಮ್ಮನೇ ಕುಯ್ಯುತ್ತಿದ್ದಳು. ಹತ್ತು ಗಂಟೆಗೆ ಬುತ್ತಿ ಬಿಚ್ಚಿದಳು. ರೊಟ್ಟಿಗಳೆಲ್ಲ ಇಡಿಯಾಗಿದ್ದವು. ಕಾಗದದ ಪೊಟ್ಟಣದಿಂದ ಮಾತ್ರೆ ತೆಗೆದು, ಬಿಸಿಲಲ್ಲೇ ಕೂತು, ನೀರು ಕುಡಿದು ನುಂಗಿದಳು. ಮುಚ್ಚಿಡುವುದಕ್ಕೆ ಹತ್ತಿರದಲ್ಲಿ ಯಾರೂ ಇರಲಿಲ್ಲವಲ್ಲ.

ದಾರಿಯಲ್ಲಿ ಸಿಕ್ಕರೆ ಗಂಗಕ್ಕ "ಉಂಡ್ರಾ?" ಎಂದು ಕೇಳುತ್ತಿದ್ದಳು. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

ಈಗ ನಾವು ಗೋಣಿಕೊಪ್ಪಲಿನಲ್ಲಿದ್ದೇವೆ. ಅಮ್ಮ ಚೆನ್ನಾಗಿದ್ದಾಳೆ. ದಿನಕ್ಕೆ ಒಂದೇ ಮಾತ್ರೆ ಸಾಕಾಗಿದೆ, ಡಬ್ಬಿ ಅಡುಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆಯೇ ಇದೆ. ಜೀವ ಉಳಿಯಿತು, ಹಾಗಾದರೆ ಹೋದದ್ದೇನು ಎಂದು ಕೇಳಿದರೆ ಅಮ್ಮನ ನಗು ಎನ್ನಲಾರೆ, ನಗುತ್ತಾಳೆ. ಆದರೆ ಯಾರಾದರೂ ಕೈಚಾಚಿ ತಿನ್ನಲು ಕೊಟ್ಟರೆ "ಆಯ್ತು, ಈಗ ತಾನೆ" ಎನ್ನುವುದು ಅವಳಿಗೆ ಅಭ್ಯಾಸವಾಗಿದೆ. ನನಗೂ.

ಹೋದ ವರ್ಷ ಗಂಗಕ್ಕ ತೀರಿಕೊಂಡಳೆಂದು ಫೋನ್ ಬಂತು. ಅಮ್ಮ ಬೆಳಗಿನ ಬಸ್ಸಿಗೆ ಹೊರಟು ಮಣ್ಣಿಗೆ ಹೋದಳು. ಎಲ್ಲರ ಜೊತೆ ಒಂದು ಹಿಡಿ ಹಾಕಿದಳಂತೆ. ಕಾಫಿ ಕುಡಿದು ಹೋಗಿ ಎಂದು ಗಂಗಕ್ಕನ ಮಗಳು ಗೇಟಿನವರೆಗೂ ಬಂದು ಕರೆದಳಂತೆ. ಅಮ್ಮ ಬಸ್ಸಿಗೆ ಹೊತ್ತಾಯಿತು ಎಂದು ಬಂದುಬಿಟ್ಟಳು. ಆಮೇಲೆ ಮಾದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದೂವರೆ ಗಂಟೆ ಕೂತಿದ್ದಳು.