ಅಲ್ಲಿ ಜಿನ್ನಪ್ಪನ ಪಾಳಿ ಐತಿ

ಮದುವೆ ಊಟಕ್ಕೆ ಕೂತಾಗಲೂ ಪಕ್ಕದವರನ್ನು "ನೀವು ಯಾವ ಸಾಫ್ಟ್‌ವೇರ್ ಬಳಸ್ತೀರಿ?" ಅಂತ ಕೇಳುವ ಮನುಷ್ಯ ನಾನು. ಮನೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಬಂದಾಗಿನಿಂದ ಅಂಟಿದ ಚಟ ಇದು. ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಕೂಡ ಅದರಲ್ಲಿ ಪುಕ್ಕಟೆ. ನಾಲ್ಕು ಜನಕ್ಕೆ ಹಂಚಿದರೂ ಯಾರೂ ಕಳ್ಳ ಅನ್ನುವುದಿಲ್ಲ. ಇಷ್ಟಿದ್ದರೂ ಗೋಕಾಕದಿಂದ ಹುಕ್ಕೇರಿವರೆಗೆ ಒಬ್ಬನಾದರೂ ಕದ್ದ ಸಾಫ್ಟ್‌ವೇರಿನ ಸಿಡಿ ಬಿಟ್ಟು ಇತ್ತ ಬಂದನೇ? (ನನ್ನನ್ನು ಕಂಡರೆ ರಸ್ತೆ ದಾಟುವವರು ಮಾತ್ರ ಹೆಚ್ಚಾದರು.)

ಆಗ ಸಿಕ್ಕಿದ್ದು ಕುಲಗೋಡದ ಭಜನಾ ಮೇಳ.

ಅಲ್ಲಿ ಬಸಪ್ಪ ಕಾಕಾ ಒಂದು ಸಾಲು ಹಾಡುತ್ತಾರೆ. ಜಿನ್ನಪ್ಪ ಮಾಮಾ ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹಾಡುತ್ತಾರೆ. ಮೀಸೆ ಮೂಡಿದಾಗಿನ ಜೋಡಿ. ಅದು ಮೂಡಲಗಿಯ ಒಂದು ಭಜನೆಯಲ್ಲಿ ಮುರಿಯಿತು. ತುಂಬಿದ ಮಂದಿಯ ಮುಂದೆ ಕಾಕಾ ಅದೇನು ಹುರುಪಿನಲ್ಲಿದ್ದರೋ, ಮಾಮಾನ ಸಾಲು ಮುಗಿಯುವ ಮೊದಲೇ ಮುಂದಿನ ಸಾಲಿಗೆ ಹಾರಿದರಂತೆ. ಒಮ್ಮೆಯಲ್ಲ, ಹಾಡಿನುದ್ದಕ್ಕೂ.

"ಅವಗ ನನ್ನ ದನಿ ಬ್ಯಾಡಾಗೇತಿ" ಅಂತ ಮಾಮಾ ತಾಳ ಕೆಳಗಿಟ್ಟು ಎದ್ದರು. ಮತ್ತೆ ಕಾಕಾನ ಬಾಜೂ ಕೂರಲಿಲ್ಲ. ಭಜನೆ ನಿಂತಿತು. ಇಬ್ಬರ ಹಾಡನ್ನು ಹೇಗಾದರೂ ಉಳಿಸಿಕೊಡಿ ಅಂತ ಮೇಳದವರು ನನ್ನ ಮನೆಗೆ ಬಂದರು.

ನನಗೋ ಹಬ್ಬ! "ಇಬ್ಬರೂ ಕೂಡಿ ಕೂಡೂದ ಬ್ಯಾಡ್ರಿ. ಒಬ್ಬೊಬ್ಬರ ಬರ್ರಿ. ಕಂಪ್ಯೂಟರ್ ಕೂಡಸ್ತೈತಿ" ಅಂದೆ.

ಮೊದಲು ಕಾಕಾ ಬಂದರು. ಮೈಕಿನ ಮುಂದೆ ಕೂತು ಒಂದು ಸಾಲು ಹಾಡಿ ಸುಮ್ಮನಾದರು. ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಇನ್ನೊಂದು ಸಾಲು. ಮತ್ತೆ ಮೌನ.

"ಕಾಕಾ, ಸಾಲಿಗೆ ಸಾಲು ಹಚ್ಚಿ ಹಾಡ್ರಿ. ನಡುವ ಜಾಗಾ ನಾ ಆಮ್ಯಾಲ ಮಾಡ್ತೇನಿ."

"ಬ್ಯಾಡ್ರಿ. ಅಲ್ಲಿ ಜಿನ್ನಪ್ಪನ ಪಾಳಿ ಐತಿ."

ಇಡೀ ಹಾಡು ಹಾಗೇ ಹೋಯಿತು. ಹಳೇ ಕಾಲದವರು, ತಾಂತ್ರಿಕತೆ ತಿಳಿಯುವುದಿಲ್ಲ ಅಂದುಕೊಂಡೆ.

ಎರಡು ದಿನ ಬಿಟ್ಟು ಮಾಮಾ ಬಂದರು. ಹೆಡ್‌ಫೋನ್ ಹಾಕಿ ಕಾಕಾನ ಹಾಡು ಬಿಟ್ಟೆ. ಮೊದಲ ಸಾಲು ಮುಗಿಯಿತು. "ಹೂಂ, ಈಗ ಎತ್ಕೋರಿ" ಅಂದೆ. ಅವರು ಬಾಯಿ ತೆರೆಯಲಿಲ್ಲ. ಎರಡನೇ ಸಾಲು ಬಂತು, ಮೌನವೂ ಬಂತು. ಆಗಲೂ ಇಲ್ಲ. ಹಾಡು ಮುಗಿಯುವವರೆಗೆ ಕೇಳುತ್ತಲೇ ಕೂತರು. ಕಣ್ಣು ತುಂಬಿತ್ತು.

"ಈ ಜಾಗಾ ನೀವು ಬಿಡಿಸಿದ್ರೇನ್ರಿ?"

"ನಾ ಬ್ಯಾಡ ಅಂದಿದ್ದೆ. ಅವರ ಬಿಟ್ಟಾರ."

ಮಾಮಾ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟರು. "ಕುಲಗೋಡ ಬಸ್ ಈಗ ಐತೇನ್ರಿ?" ಚಹಾಕ್ಕೂ ನಿಲ್ಲಲಿಲ್ಲ.

ಈಗ ಕುಲಗೋಡದಲ್ಲಿ ಭಜನೆ ಮತ್ತೆ ಶುರುವಾಗಿದೆ. ಇಬ್ಬರೂ ಒಂದೇ ಜಮಖಾನೆಯ ಮೇಲೆ. ಉಳಿದ ರೆಕಾರ್ಡಿಂಗ್ ಯಾವಾಗ ಅಂತ ಕೇಳಿದ್ದಕ್ಕೆ ಕಾಕಾ ನಕ್ಕು, "ಅದ್ಯಾಕ ಬೇಕ್ರಿ ಈಗ? ಇಲ್ಲೇ ಬಂದು ಕೇಳ್ರಿ" ಅಂದರು.

ನನ್ನ ಕಂಪ್ಯೂಟರಿನಲ್ಲಿ ಉಳಿದದ್ದು ಅರ್ಧ ಹಾಡು. ನನ್ನ ಮಾತು ಕೇಳಿ ಸಾಫ್ಟ್‌ವೇರ್ ಬದಲಿಸಿದವರು ಇಂದಿಗೂ ಸೊನ್ನೆ. ನೀವೇ ಹೇಳಿ, ಆ ಸಾಫ್ಟ್‌ವೇರ್ ಕೆಲಸ ಮಾಡಿತೋ, ಇಲ್ಲವೋ?