ಗ್ರೆಟ್ಸುವಿನ ಪಾಲಿನ ಬಾವುಟ

ಸೆಂಗ್ಲಿಯಾ ಊರಿನ ಚೆನ್ಸಳಿಗೆ ‘ಥಾರ್ನ್‌ಬಿಲ್’ ಬರೀ ಹಡಗಲ್ಲ. ಅದರ ಅಡುಗೆಮನೆಯಲ್ಲಿ ಅವಳ ಗಂಡ ಗ್ರೆಟ್ಸು ಬೇಯಿಸಿ ಬಡಿಸುತ್ತಿದ್ದ. ಬ್ರಿಟಿಷರ ಆ ವಿಧ್ವಂಸಕ ನೌಕೆ ಮಾಲ್ಟಾದ ದೊಡ್ಡ ಬಂದರಿಗೆ ನುಗ್ಗಿ ಬರುವುದನ್ನು ಕೋಟೆಗೋಡೆಯ ಮೇಲಿಂದ ನೋಡಿದರೆ ಸಾಕು, ಅವಳ ಮೈ ಜುಮ್ಮೆನ್ನುತ್ತಿತ್ತು. ಅಬ್ಬಾ, ಏನು ವೇಗ! ಏನು ಠೀವಿ! ಯುದ್ಧಕ್ಕೆಂದೇ ಕಟ್ಟಿದ ಹಡಗು. ಕಟ್ಟಿ ಮುಗಿಸುವಷ್ಟರಲ್ಲಿ ಮೊದಲ ಮಹಾಯುದ್ಧವೇ ಮುಗಿದುಹೋಗಿತ್ತು. ಆಮೇಲೆ ಅದು ಹೊತ್ತದ್ದೆಲ್ಲ ದಿಕ್ಕೆಟ್ಟ ಜನರನ್ನು. ತುರ್ಕಿಯ ಸ್ಮಿರ್ನಾ ಪಟ್ಟಣ ಹೊತ್ತಿ ಉರಿದಾಗ ಅದರ ಡೆಕ್ಕಿನ ಮೇಲೆ ಕಾಲಿಡಲೂ ಜಾಗವಿಲ್ಲದಷ್ಟು ಮಂದಿ ನಿಂತು ಬಂದರಂತೆ. ಗ್ರೀಸಿನಲ್ಲಿ ಭೂಮಿ ನಡುಗಿದಾಗ ಗ್ರೆಟ್ಸು ಕೈ ಬೊಬ್ಬೆ ಬರುವ ತನಕ ಹಿಟ್ಟು ನಾದಿ, ರೊಟ್ಟಿ ಬೇಯಿಸಿ ಹಂಚಿದನಂತೆ. “ಅಲ್ಲಿರೋ ತೋಪುಗಳಿಗಿಂತ ನನ್ನ ಒಲೇನೇ ಜಾಸ್ತಿ ಕೆಲ್ಸ ಮಾಡಿದೆ ಕಣೇ” ಎಂದು ರಜೆಗೆ ಬಂದಾಗ ಜಂಬ ಕೊಚ್ಚಿದ್ದ.

ಮುಂದಿನ ಚಳಿಗಾಲದಲ್ಲಿ, ಕ್ರೀಟ್ ದ್ವೀಪದ ಬಳಿ, ಬಿರುಗಾಳಿಯಲ್ಲಿ ಕಾವಲಿನವರಿಗೆ ಚಹಾ ಒಯ್ಯುತ್ತಿದ್ದವನನ್ನು ಒಂದು ಅಲೆ ಎತ್ತಿಕೊಂಡು ಹೋಯಿತು. ಹೆಣವೂ ಸಿಗಲಿಲ್ಲ. ಗೋರಿಯೇ ಇಲ್ಲದ ಗಂಡನನ್ನು ಪಾಪ ಅವಳು ಎಲ್ಲಿ ಅಂತ ಹುಡುಕಬೇಕು? ಆ ಹಡಗಿನಲ್ಲೇ ಇದ್ದಾನೆ ಅಂದುಕೊಂಡಳು.

ಹೊಟ್ಟೆಪಾಡಿಗೆ ಅವಳು ನೌಕಾಪಡೆಯ ಬಾವುಟಗಳನ್ನು ಹೊಲಿಯುತ್ತಿದ್ದಳು. ವರ್ಷಗಳು ಕಳೆದು ಥಾರ್ನ್‌ಬಿಲ್ ಮುದಿಯಾಯಿತು. ಒಡೆದುಹಾಕಲು ಇಂಗ್ಲೆಂಡಿಗೆ ಕರೆಸಿದರು. ಹಾಗೆ ತವರಿಗೆ ಹೊರಡುವ ಹಡಗಿನ ಕಂಬಕ್ಕೆ ಅಗಲ ಕಿರಿದಾದ, ಬಲು ಉದ್ದದ ಬಿಳಿ ಬಾವುಟ ಏರಿಸುವುದು ವಾಡಿಕೆ. ಅದರ ಉದ್ದದಲ್ಲಿ ಹಡಗಿನ ಒಬ್ಬೊಬ್ಬನಿಗೂ ಒಂದು ಪಾಲು. ಊರು ಮುಟ್ಟಿದ ಮೇಲೆ ಕತ್ತರಿಸಿ ಹಂಚಿಕೊಳ್ಳುತ್ತಾರೆ. ಸತ್ತವರಿಗೆ ಪಾಲಿಲ್ಲ.

ಥಾರ್ನ್‌ಬಿಲ್‌ಗೆಂದು ಚೆನ್ಸಳೇ ಹೊಲಿದ ಆ ಬಾವುಟ ಒಯ್ಯಲು ಬಂದವನು ಅದೇ ಹಡಗಿನ ಪರಿಚಾರಕ, ಅವಳ ಮೈದುನ ವಿಸ್ತಿನ್. ಅವಳ ಮನೆಯ ತಾರಸಿಯ ಮೇಲೆ ಬಿಚ್ಚಿ ನೋಡಿದ.

“ಅತ್ತಿಗೆ, ಇದೇನಿದು? ಬಾಲ ಜಾಸ್ತಿ ಆಗಿದೆಯಲ್ಲ! ತುದೀದು ಬೇರೆ ಬಟ್ಟೆ, ಹಳದಿ ತಿರುಗಿದೆ.”

“ನಿಮ್ಮಣ್ಣ ಅಡುಗೆ ಮಾಡುವಾಗ ಕಟ್ಕೊಳ್ತಿದ್ದ ಏಪ್ರನ್ನು.”

ವಿಸ್ತಿನ್ ಹೌಹಾರಿದ. “ಮಡೋನ್ನಾ, ಮೇರಿ ತಾಯೀ! ತಲೆ ನೆಟ್ಟಗಿದೆಯಾ ನಿಮಗೆ? ನಮ್ಮ ಕಪ್ತಾನ ಸಾಹೇಬ ಅಳೆದು ನೋಡ್ತಾನೆ. ಹೆಚ್ಚಿದ್ದದ್ದನ್ನ ಕಚಕ್ ಅಂತ ಕತ್ತರಿಸಿ ಕಸಕ್ಕೆ ಎಸೀತಾನೆ. ನಿಮ್ಮ ಹೊಲಿಗೆ ಕೆಲ್ಸಕ್ಕೂ ಕಲ್ಲು ಬೀಳತ್ತೆ.”

“ಬೀಳ್ಲಿ. ನಾನಂತೂ ಕತ್ತರಿ ಹಾಕಲ್ಲ. ಅಷ್ಟು ವರ್ಷ ಅವರಿಗೆಲ್ಲ ಬೇಯಿಸಿ ಹಾಕಿದೋನು. ಎಲ್ರೂ ಮನೆಗೆ ಹೋದ್ಮೇಲೆ ಅವನೊಬ್ಬನೇ ಸಮುದ್ರದಲ್ಲಿ ಬಿದ್ದಿರಬೇಕಾ?”

ವಿಸ್ತಿನ್ ಬಾವುಟವನ್ನು ಸುತ್ತಿ ಹೆಗಲಿಗೇರಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಕೋಟೆಗೋಡೆಯ ಮೇಲೆ ನಿಂತ ಚೆನ್ಸ ಹಡಗಿನ ಕಂಬದ ಮೇಲೇ ಕಣ್ಣು ನೆಟ್ಟಿದ್ದಳು. ಕತ್ತರಿಸಿದರೋ, ಬಿಟ್ಟರೋ? ಹಡಗು ಕದಲಿತು. ಕಂಬದ ತುದಿಯಿಂದ ಬಾವುಟ ಬಿಚ್ಚಿಕೊಂಡಿತು, ಬಿಚ್ಚಿಕೊಳ್ಳುತ್ತಲೇ ಹೋಯಿತು. ಹೊಗೆಕೊಳವೆಗಳನ್ನು ದಾಟಿತು, ಹಿಂಭಾಗದ ತೋಪನ್ನು ದಾಟಿತು, ಹಡಗನ್ನೇ ದಾಟಿ ನೀರಿನ ಮೇಲೆ ಗಾಳಿಯಲ್ಲಿ ತೇಲಾಡಿತು. ಗೋಡೆಯುದ್ದಕ್ಕೂ ಸೇರಿದ್ದ ಜನ ಬೆರಳು ಮಾಡಿ ತೋರಿಸುತ್ತಿದ್ದರು. ಬಿಳಿ, ಬಿಳಿ, ಬರೀ ಬಿಳಿ. ಕಟ್ಟಕಡೆಗೆ, ಬಿಸಿಲಿಗೆ ಸಿಕ್ಕ ತುದಿಯಲ್ಲಿ, ಆ ಮಾಸಿದ ಹಳದಿ.

ಡೆಕ್ಕಿನ ಮೇಲೆ ಸಾಲಾಗಿ ನಿಂತವರು, ಸಾಹೇಬನೂ ಸೇರಿ, ಅವಳಿದ್ದ ಗೋಡೆಯತ್ತ ತಿರುಗಿ ಟೋಪಿ ತೆಗೆದರು. ದೇವರೇ, ಅಂಥ ಹಡಗು ಅವಳ ಗಂಡನ ಅಡುಗೆ ಬಟ್ಟೆಯನ್ನು ಆಕಾಶಕ್ಕೆ ಎತ್ತಿ ಹಿಡಿದಿತ್ತು!

ಆ ಹಡಗು ಹೊರಟಾಗಲೆಲ್ಲ, ಗಂಡ ಸತ್ತ ಮೇಲೂ, ಚೆನ್ಸ “ಹೋಗಿ ಬಾ” ಎನ್ನುತ್ತಿದ್ದಳು. ಈ ಸಲ ಎರಡೂ ಕೈಯೆತ್ತಿ, “ಹೋಗು ಗ್ರೆಟ್ಸು, ಹೋಗು” ಎಂದು ಕೂಗಿ, ಗೋಡೆಗೊರಗಿ ಗೊಳೋ ಎಂದು ಅತ್ತಳು.